ಸೊಂಟದ ಕೀಲು ಬದಲಿಸಿದ ಮೇಲೆ ಅಮ್ಮ ಮತ್ತೆ ಹಿತ್ತಲ ಕೆಲಸ ಮಾಡಬಹುದಾ?

ನಿಮ್ಮ ಅಮ್ಮನಿಗೆ ಎರಡು ತಿಂಗಳ ಹಿಂದೆ ಬಲಗಡೆ ಸೊಂಟದ ಕೀಲು ಬದಲಿಸಿದ್ದಾರೆ, ಕೋಲು ಹಿಡಿದು ಮನೆಯೊಳಗೆ ಚೆನ್ನಾಗಿ ಓಡಾಡುತ್ತಾರೆ, ಗುಬ್ಬಿ ಹತ್ತಿರ ಹಿತ್ತಲಲ್ಲಿ ಸೊಪ್ಪು, ಅವರೆ, ಗುಲಾಬಿ ಎಲ್ಲಾ ಇದೆ, ಕಳೆ ಬೆಳೆದಿರುವುದನ್ನು ನೋಡಿಕೊಂಡು ಅವರಿಗೆ ಸುಮ್ನೆ ಕೂರಲು ಆಗುತ್ತಿಲ್ಲ, ಯಾವಾಗ ಕೆಲಸಕ್ಕೆ ಬಿಡಬಹುದು ಅಂತ ಕೇಳಿದ್ದೀರಿ. ಖಂಡಿತ ಬಿಡಬಹುದು. ಆದರೆ ಕುಕ್ಕರುಗಾಲಲ್ಲಿ ಕೂತು ಮಾಡುವ ಕೆಲಸಕ್ಕೆ ಮಾತ್ರ ಬೇಡ.

ನನಗೆ ಎಡಗಡೆ ಕೀಲು ಬದಲಿಸಿ ಮೂರು ವರ್ಷ ದಾಟಿದೆ. ತುಮಕೂರಿನ ಹೊರಗೆ ಮನೆ, ಹಿಂದೆ ತೋಟ, ಈಗಲೂ ದಿನಾ ಅದರಲ್ಲೇ ಇರುತ್ತೇನೆ. ಆಸ್ಪತ್ರೆಯಲ್ಲಿ ಕೊಡುವ ಚೀಟಿಯಲ್ಲಿ ಎತ್ತರದ ಕುರ್ಚಿ, ಎತ್ತರದ ಕಮೋಡು ಅಂತೆಲ್ಲಾ ಇರುತ್ತದೆ, ಆದರೆ ನಮ್ಮ ಕಡೆ ಹೆಂಗಸರು ಕಳೆ ಕೀಳುವುದು, ಸೊಪ್ಪು ಬಿಡಿಸುವುದು, ಪಾತಿ ಕೆರೆಯುವುದು ಎಲ್ಲಾ ನೆಲದ ಮೇಲೆ ಮೊಣಕಾಲು ಎದೆಗೆ ತಾಗುವ ಹಾಗೆ ಕೂತು ಅಂತ ಅದರಲ್ಲಿ ಇರುವುದಿಲ್ಲ. ಹೊಸ ಕೀಲಿಗೆ ಅಪಾಯ ಇರುವುದೇ ಆ ಭಂಗಿಯಲ್ಲಿ. ತೊಡೆ 90 ಡಿಗ್ರಿಗಿಂತ ಜಾಸ್ತಿ ಮಡಿಚಿ, ಜೊತೆಗೆ ಪಾದ ಒಳಗೆ ತಿರುಗಿದರೆ ಕೀಲಿನ ಗುಂಡು ಅದು ಕೂರುವ ಬಟ್ಟಲಿಂದ ಹಿಂದಕ್ಕೆ ಜಾರಿ ಹೊರಗೆ ಬರಬಹುದು. ಮೊದಲ ಕೆಲವು ತಿಂಗಳಲ್ಲಿ ಈ ಭಯ ಜಾಸ್ತಿ, ಯಾಕೆಂದರೆ ಸುತ್ತಲಿನ ಸ್ನಾಯು ಇನ್ನೂ ಗಟ್ಟಿಯಾಗಿರುವುದಿಲ್ಲ. ಕುರ್ಚಿಯಲ್ಲಿ ಕೂತವರು ಕೆಳಗೆ ಬಿದ್ದ ಕತ್ತರಿ ತೆಗೆಯಲು ಬಗ್ಗಿದರೂ ಅದೇ ಆಗಬಹುದು, ಇದನ್ನು ಜನ ಮರೆಯುತ್ತಾರೆ.

ಹಾಗಾಗಿ ಮೊದಲು ಡಾಕ್ಟರ ಹತ್ತಿರ ಕೇಳಿ: ಆಪರೇಷನ್ ಹಿಂದಿನಿಂದ ಮಾಡಿದ್ದಾ, ಮುಂದಿನಿಂದ ಮಾಡಿದ್ದಾ? ಹಿಂದಿನಿಂದ ಆದರೆ ನಾನು ಮೇಲೆ ಹೇಳಿದ್ದು ಅನ್ವಯಿಸುತ್ತದೆ, ಕಾಲ ಮೇಲೆ ಕಾಲು ಹಾಕುವುದೂ ಬೇಡ. ಮುಂದಿನಿಂದ ಆದರೆ ಕಾಲನ್ನು ಹಿಂದಕ್ಕೆ ಚಾಚಿ ಪಾದ ಹೊರಗೆ ತಿರುಗಿಸುವುದೇ ಎಚ್ಚರಿಕೆಯ ವಿಷಯ. ನನ್ನದು ಹಿಂದಿನಿಂದ, ಆದ್ದರಿಂದ ನಾನು ಹೇಳುವುದು ಆ ಲೆಕ್ಕದ್ದು. ಈ ಎಚ್ಚರಿಕೆಗಳನ್ನು ಸಾಮಾನ್ಯವಾಗಿ 6 ರಿಂದ 12 ವಾರ ಪಾಲಿಸಲು ಹೇಳುತ್ತಾರೆ, ಕೆಲವರಿಗೆ ಇನ್ನೂ ಜಾಸ್ತಿ. ನಿಮ್ಮ ಅಮ್ಮನ ಕಾಲಾವಧಿಯನ್ನು ಡಾಕ್ಟರೇ ಹೇಳಬೇಕು.

ಈಗ ಅವರ ಕೈಗೆ ಏನಾದರೂ ಕೆಲಸ ಕೊಡಿ. ಸುಮ್ನೆ ಕೂರಿಸಿದರೆ ಮನಸ್ಸು ಕುಗ್ಗುತ್ತದೆ, ನೀವಿಲ್ಲದಾಗ ಕದ್ದು ಬಗ್ಗುತ್ತಾರೆ ಕೂಡ. ಕೈ ಇರುವ ಎತ್ತರದ ಕುರ್ಚಿ ಹಾಕಿ, ಕೂತಾಗ ಮೊಣಕಾಲು ಸೊಂಟಕ್ಕಿಂತ ಕೆಳಗೇ ಇರಬೇಕು. ಮುಂದೆ ಮೇಜಿನ ಮೇಲೆ ಪ್ರೋಟ್ರೇ (ಸಸಿ ಎಬ್ಬಿಸುವ ಗುಳಿಗಳ ತಟ್ಟೆ), ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಬೀಜ ಇಡಿ. ಬದನೆ, ಟೊಮೆಟೊ, ಮೆಣಸಿನಕಾಯಿ ಸಸಿ ಎಬ್ಬಿಸುವ ಕೆಲಸ ಪೂರಾ ಕೂತೇ ಆಗುತ್ತದೆ. ತೆಂಗಿನ ನಾಡು ನಮ್ಮದು, ಕೋಕೋಪೀಟ್ ಸಿಗುವುದೇನೂ ಕಷ್ಟ ಅಲ್ಲ. ಕೆಂಪು ಮಣ್ಣಿಗಿಂತ ತುಂಬಾ ಹಗುರ, ಅದೇ ಅದರ ದೊಡ್ಡ ಅನುಕೂಲ.

ಮುಂದಿನ ಕೆಲಸ ನಿಮ್ಮದು. ಅಮ್ಮ ಮಣ್ಣಿಗೆ ಬಗ್ಗಬಾರದು, ಮಣ್ಣೇ ಅವರ ಸೊಂಟದ ಎತ್ತರಕ್ಕೆ ಬರಬೇಕು. ನಾನು ಮಾಡಿಸಿದ್ದು ಹೀಗೆ: ಎಂಟು ಇಂಚಿನ ಹಾಲೋ ಬ್ಲಾಕ್ ನಾಲ್ಕು ವರಸೆ, ಅಂದರೆ ಎರಡೂವರೆ ಅಡಿಗಿಂತ ಸ್ವಲ್ಪ ಜಾಸ್ತಿ ಎತ್ತರ, ಎರಡು ಕಡೆ ಗಾರೆಯವರಿಂದ ಸಿಮೆಂಟ್ ಹಾಕಿಸಿ ಕಟ್ಟಿಸಿ, ಮೇಲೆ ಕಡಪ ಕಲ್ಲು ಹಾಸಿ, ಅದರ ಮೇಲೆ ಗ್ರೋ ಬ್ಯಾಗುಗಳು, ಅಂದರೆ ಗಿಡ ಬೆಳೆಸುವ ಚೀಲಗಳು. ಸಿಮೆಂಟ್ ಇಲ್ಲದೆ ಸುಮ್ನೆ ಪೇರಿಸಬೇಡಿ, ಅವರು ಅದಕ್ಕೆ ಒರಗಿಯೇ ಒರಗುತ್ತಾರೆ. ಕೊತ್ತಂಬರಿ, ಮೆಂತ್ಯ, ದಂಟು, ಪಾಲಕ್ ಎಲ್ಲಾ ಅದರಲ್ಲೇ ಬರುತ್ತದೆ, ನಿಂತೇ ಬಿಡಿಸಬಹುದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅರ್ಕಾ ವರ್ಟಿಕಲ್ ಗಾರ್ಡನ್ ಅಂತ ಒಂದು ಸ್ಟ್ಯಾಂಡ್ ಮಾಡಿದ್ದಾರೆ, ಒಂದರ ಮೇಲೊಂದು ಕುಂಡ ಇಡುವುದು. ತಗೊಂಡರೆ ಅತಿ ಕೆಳಗಿನ ಸಾಲು ಅಮ್ಮನಿಗಲ್ಲ, ನಿಮಗೆ.

ಅವರೆ ಬಿಡಬೇಕಾಗಿಲ್ಲ. ನೆಲದ ಅವರೆ ಬದಲು ಚಪ್ಪರದವರೆ ಹಾಕಿ. ಹೀರೆ, ಹಾಗಲ, ತೊಂಡೆ ಕೂಡ ಅದೇ ಚಪ್ಪರಕ್ಕೆ. ಚಪ್ಪರ ಮಾತ್ರ ಅವರ ಕೈಗೆ ಎಟಕುವ ಎತ್ತರದಲ್ಲಿರಲಿ. ಕಾಯಿಗೋಸ್ಕರ ಸ್ಟೂಲ್ ಹತ್ತುವ ಹಾಗೆ ಆದರೆ ಪ್ರಯೋಜನ ಏನು?

ಕಳೆಗೆ ನನಗೆ ಕೆಲಸ ಮಾಡಿದ್ದು ತೆಂಗಿನ ಸಿಪ್ಪೆ ಮತ್ತು ಗರಿ. ಗಿಡದ ಬುಡಕ್ಕೆ ದಪ್ಪವಾಗಿ ಹೊದಿಸಿದರೆ ಕಳೆ ಕಮ್ಮಿ, ನೀರೂ ಉಳಿಯುತ್ತದೆ. ಅಲ್ಲಲ್ಲಿ ಬಂದಿದ್ದಕ್ಕೆ ಉದ್ದ ಹಿಡಿಯ ಕುಂಟೆ, ನಿಂತುಕೊಂಡು ಎಳೆಯುವಂಥದ್ದು. ಆದರೆ ಸೊಂಟ ತಿರುಚಬಾರದು, ಪಾದ ಎತ್ತಿಟ್ಟು ಮೈಯೆಲ್ಲಾ ತಿರುಗಬೇಕು. ಗುದ್ದಲಿ ಹಿಡಿದು ಅಗೆಯುವುದು ಈಗಂತೂ ಬೇಡವೇ ಬೇಡ. ತುಂಬಿದ ಬಕೆಟ್ಟೂ ಬೇಡ, ಹತ್ತು ಲೀಟರ್ ಅಂದರೆ ಹತ್ತು ಕೆಜಿ ಅಲ್ವಾ. ಪೈಪೋ ಡ್ರಿಪ್ಪೋ ಹಾಕಿಸಿ, ಆದರೆ ಪೈಪ್ ಓಡಾಡುವ ದಾರಿಗೆ ಅಡ್ಡ ಇರಬಾರದು.

ನೆಲ ಮುಟ್ಟಲೇಬೇಕು ಅನ್ನುವ ಆಸೆ ಹೋಗುವುದಿಲ್ಲ, ನನಗೂ ಹೋಗಿಲ್ಲ. ಅದಕ್ಕೆ ಒಂದು ದಾರಿ ಇದೆ, ಡಾಕ್ಟರ್ ಒಪ್ಪಿದ ಮೇಲೆ ಮಾತ್ರ. ಗಟ್ಟಿ ಸ್ಟೂಲೋ ಬೆಂಚೋ ಹಿಡಿದುಕೊಂಡು ಆಪರೇಷನ್ ಆದ ಕಾಲಿನ ಮೊಣಕಾಲನ್ನು ದಪ್ಪ ಮ್ಯಾಟಿನ ಮೇಲೆ ಊರುವುದು, ಇನ್ನೊಂದು ಪಾದ ಮುಂದೆ. ಹೀಗೆ ಊರಿದರೆ ಹೊಸ ಕೀಲು ಮಡಚುವುದಿಲ್ಲ. ಏಳುವಾಗ ಒಳ್ಳೆ ಕಾಲಿಗೆ ಬಲ ಹಾಕಿ ಏಳುವುದು. ಓದಿಕೊಂಡು ಮಾಡಿಸಬೇಡಿ, ಫಿಸಿಯೋ ಎದುರಿಗೇ ಕಲಿಯಲಿ. ಹೀಗೆ ಮೊಣಕಾಲೂರಿದಾಗಲೂ ಮುಂದಕ್ಕೆ ಬಾಗಿ ದೂರದ ಗಿಡಕ್ಕೆ ಕೈ ಚಾಚಬಾರದು.

ಬೀಳುವುದನ್ನು ನಾನು ಎಲ್ಲಕ್ಕಿಂತ ಜಾಸ್ತಿ ಹೆದರುತ್ತೇನೆ. ಮಳೆಗಾಲದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಪಾಚಿ ಕಟ್ಟುತ್ತದೆ, ತೊಳೆಸಿ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವುದು ಹಾಕಲಿ. ಕೋಲು ಎಡಗೈಲಿ ಇರಲಿ, ಬಲಗಾಲು ಆಪರೇಷನ್ ಆಗಿದ್ದರೆ ಕೋಲು ಎದುರು ಕೈಯಲ್ಲೇ. ಹಿತ್ತಲಿಗೆ ಇಳಿಯುವ ಮೆಟ್ಟಿಲಿಗೆ ಒಂದು ಕಂಬಿ ಹಾಕಿಸಿ. ಇಳಿಯುವಾಗ ಆಪರೇಷನ್ ಕಾಲು ಮೊದಲು, ಹತ್ತುವಾಗ ಒಳ್ಳೆ ಕಾಲು ಮೊದಲು.

ಗುಲಾಬಿಗೆ ದಪ್ಪ ಗ್ಲೌಸ್ ಇಲ್ಲದೆ ಕೈ ಹಾಕಬಾರದು. ಮುಳ್ಳು ಚುಚ್ಚಿ ಕೀವಾದರೆ ಅರಿಶಿನ ಹಚ್ಚಿ ಕಾಯಬೇಡಿ. ಮೈಯಲ್ಲಿ ಎಲ್ಲಿ ಸೋಂಕಾದರೂ ಅದು ರಕ್ತದ ಮೂಲಕ ಆ ಕೀಲಿಗೆ ಹೋಗುವ ಸಾಧ್ಯತೆ ಇರುತ್ತದೆ, ಡಾಕ್ಟರಿಗೆ ತೋರಿಸಿ, ಕೀಲು ಬದಲಿಸಿರುವುದನ್ನೂ ಹೇಳಿ.

ಇದ್ದಕ್ಕಿದ್ದಂತೆ ಜೋರು ನೋವು ಬಂದು, ಕಾಲು ಗಿಡ್ಡವಾದ ಹಾಗೆ ಕಂಡು, ನಿಲ್ಲಲು ಆಗದಿದ್ದರೆ ಎಳೆದು ಸರಿ ಮಾಡಲು ಯಾರನ್ನೂ ಬಿಡಬೇಡಿ, ಆಂಬ್ಯುಲೆನ್ಸ್ 108 ಕರೆಸಿ. ಮೀನಖಂಡ ಊದಿ ನೋಯುವುದು, ಉಸಿರು ಕಟ್ಟುವುದು, ಜ್ವರ, ಗಾಯದಿಂದ ನೀರು ಸೋರುವುದು, ಇವಕ್ಕೂ ನಾಳೆ ನೋಡೋಣ ಅನ್ನಬೇಡಿ.

ಮೊದಲ ದಿನ ಹದಿನೈದು ನಿಮಿಷ ಸಾಕು, ಬೆಳಿಗ್ಗೆ ಬಿಸಿಲೇರುವ ಮುಂಚೆ. ರಾತ್ರಿ ನೋವು ಜಾಸ್ತಿ ಆಗಲಿಲ್ಲ ಅಂದರೆ ಮಾರನೆಯ ದಿನ ಇನ್ನಷ್ಟು ಹೊತ್ತು ಬಿಡಿ. ಆದಷ್ಟು ದಿನ ನೀವೂ ಜೊತೆಗಿರಿ, ಕೆಳಗಿನದನ್ನು ಎತ್ತಿಕೊಡಲು ಒಬ್ಬರು ಬೇಕು.