ಅಮೆರಿಕದ ವರ್ಮಾಂಟ್ ರಾಜ್ಯದ ಕಾಡಿನಲ್ಲಿ ಕುದುರೆ ಹೂಡಿ ದಿಮ್ಮಿ ಎಳೆಸುವ ಕೆಲಸಕ್ಕೆ ಅನುಭವವೇ ಇಲ್ಲದವರು ಸ್ವಯಂಸೇವಕರಾಗಿ ಸೇರಬಹುದೇ?

ಸೇರಬಹುದು. ಆದರೆ ನಿಮ್ಮ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಇದೆ: ಇದು ನಿಜವಾದ ಕೆಲಸವೋ, ಪ್ರವಾಸಿಗರಿಗೆ ತೋರಿಸಲು ಉಳಿಸಿಕೊಂಡಿರುವ ಪ್ರದರ್ಶನವೋ ಎಂದು ಕೇಳಿದ್ದೀರಿ. ಮೊದಲು ಅದಕ್ಕೆ ಉತ್ತರಿಸುತ್ತೇನೆ. ನಾನು ತೀರ್ಥಹಳ್ಳಿ ಕಡೆಯವನು, ಈಗ ಇರುವುದು ವರ್ಮಾಂಟ್‌ನಲ್ಲಿ. ಚಳಿಗಾಲದ ವಾರಾಂತ್ಯಗಳಲ್ಲಿ ಇಲ್ಲಿನ ಹಿರಿಯರೊಬ್ಬರ ಜೋಡಿ ಕುದುರೆಗಳ ಜೊತೆ ಕಾಡಿಗೆ ಹೋಗುತ್ತೇನೆ. ಈ ಕಸುಬು ಕಲಿಸುವವರನ್ನೂ ಕಲಿಯುವವರನ್ನೂ ಸೇರಿಸುವ ಒಂದು ಸಣ್ಣ ಬಳಗವಿದೆ, ಎಲ್ಲರೂ ಸ್ವಯಂಸೇವಕರೇ. ಅದರ ಫೋನು, ಪಟ್ಟಿ, ಲೆಕ್ಕಪತ್ರ ನೋಡಿಕೊಳ್ಳುವುದೂ ನನ್ನ ಪಾಲಿಗಿದೆ.

ಇದು ದುಡ್ಡಿಗೆ ಮಾಡುವ ಕೆಲಸವೇ. ಜಮೀನಿನವರು ಕರೆಸುತ್ತಾರೆ, ಒಳ್ಳೆಯ ದಿಮ್ಮಿ ಸಾಮಿಲ್ಲಿಗೆ ಹೋಗುತ್ತದೆ, ಉಳಿದದ್ದು ಸೌದೆಯಾಗುತ್ತದೆ. ಪ್ರಮಾಣ ಮಾತ್ರ ಚಿಕ್ಕದು. ದಿಮ್ಮಿ ಎಳೆಯುವ ಯಂತ್ರ, ಅಂದರೆ ಸ್ಕಿಡ್ಡರ್, ಒಂದು ದಿನದಲ್ಲಿ ಹೊರಗೆ ತರುವಷ್ಟನ್ನು ತರಲು ಜೋಡಿ ಕುದುರೆಗೆ ಹಲವು ದಿನ ಹಿಡಿಯುತ್ತದೆ. ದೊಡ್ಡ ಕಡಿತಲೆಗೆ ಯಾರೂ ಕುದುರೆ ಕರೆಸುವುದಿಲ್ಲ, ಕರೆಸಲೂ ಬಾರದು. ದೂರ ಹೆಚ್ಚಿದಷ್ಟೂ ಕುದುರೆಯ ಲೆಕ್ಕ ಕೆಡುತ್ತದೆ. ನೂರು, ನೂರೈವತ್ತು ಮೀಟರ್ ಒಳಗಿನ ಎಳೆತವಾದರೆ ಕುದುರೆ ಸರಿ. ಅದಕ್ಕಿಂತ ಆಚೆಗೆ ಯಂತ್ರವೇ ಸರಿ. ಎಷ್ಟೋ ಕಡೆ ಎರಡನ್ನೂ ಬಳಸುತ್ತಾರೆ: ಮರದ ಬುಡದಿಂದ ದಾರಿಯವರೆಗೆ ಕುದುರೆ, ದಾರಿಯಿಂದ ಮುಂದಕ್ಕೆ ಟ್ರ್ಯಾಕ್ಟರ್.

ಹಾಗಾದರೆ ಕುದುರೆ ಬೇಕಾಗುವುದು ಎಲ್ಲಿ? ಇದಕ್ಕೆ ಈ ನೆಲದ ಚರಿತ್ರೆ ಸ್ವಲ್ಪ ಗೊತ್ತಿರಬೇಕು. 19ನೇ ಶತಮಾನದಲ್ಲಿ ಮೆರಿನೋ ಕುರಿ ಮೇಯಿಸಲೆಂದು ಇಲ್ಲಿನ ಬೆಟ್ಟಗಳ ಬಹುಪಾಲು ಕಾಡನ್ನು ಬೋಳಿಸಿದ್ದರು. ಕುರಿ ಹೋದ ಮೇಲೆ ಕಾಡು ತಾನೇ ಎದ್ದು ಬಂತು. ಇವತ್ತು ರಾಜ್ಯದ ಸುಮಾರು ಮುಕ್ಕಾಲು ಪಾಲು ಕಾಡೇ. ಅದರಲ್ಲಿ ಹೆಚ್ಚಿನದು ಖಾಸಗಿ ಜಮೀನು, ಎಷ್ಟೋ ಸಣ್ಣ ಸಣ್ಣ ಹಿಡುವಳಿಗಳು. ಅಂದಿನ ಹೊಲದ ಕಲ್ಲುಗೋಡೆಗಳು ಈಗಲೂ ಮರಗಳ ನಡುವೆ ಹಾದುಹೋಗಿವೆ. ಗೋಡೆಯಲ್ಲಿ ಹಳೆಯ ಉಣಗೋಲಿನಷ್ಟು ಸಂದು ಇದ್ದರೆ ಕುದುರೆಗೆ ಸಾಕು, ಯಂತ್ರಕ್ಕೆ ಸಾಲದು. ಸಿಹಿ ರಸಕ್ಕಾಗಿ ಕಾಪಾಡಿಕೊಳ್ಳುವ ಮೇಪಲ್ ಮರದ ತೋಪುಗಳ ಕಥೆಯೂ ಹೀಗೆಯೇ. ನಲವತ್ತು ಲೀಟರ್ ರಸ ಕಾಯಿಸಿದರೆ ಒಂದು ಲೀಟರ್ ಪಾಕ ಸಿಗುವ ಆ ಮರಗಳು ಮನೆತನಗಳ ಆಸ್ತಿ, ಅವುಗಳ ಬೇರು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ. ಸೊಟ್ಟ ಮರಗಳನ್ನು ಕಡಿದು ತೋಪನ್ನು ತೆಳುಗೊಳಿಸುವಾಗ ಹತ್ತಾರು ಟನ್ನಿನ ಯಂತ್ರ ಒಳಗೆ ಬಂದರೆ ಆ ಬೇರುಗಳ ಗತಿ ಏನಾದೀತು!

ಕುದುರೆ ಕಾಲಿಟ್ಟರೆ ಮಣ್ಣಿಗೆ ಏನೂ ಆಗುವುದಿಲ್ಲ ಎಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ಎಂಟು ಕ್ವಿಂಟಲ್ ತೂಗುವ ಪ್ರಾಣಿಯ ಭಾರ ನಾಲ್ಕು ಗೊರಸುಗಳ ಮೇಲೆ ಬೀಳುವಾಗ ಆ ಜಾಗದಲ್ಲಿ ಒತ್ತಡ ಸಾಕಷ್ಟೇ ಇರುತ್ತದೆ. ವ್ಯತ್ಯಾಸ ಇರುವುದು ಹೆಜ್ಜೆ ಬೀಳುವ ರೀತಿಯಲ್ಲಿ. ಗೊರಸು ಬಿಡಿಬಿಡಿಯಾಗಿ ಊರುತ್ತದೆ; ಚಕ್ರ ಮಣ್ಣನ್ನು ಒಂದೇ ಗೆರೆಯಾಗಿ ಅದುಮುತ್ತದೆ, ಕರಗಿದ ಹಿಮ ಆ ಗೆರೆ ಹಿಡಿದು ಓಡಿ ಕೊರಕಲು ಮಾಡುತ್ತದೆ. ಆದ್ದರಿಂದಲೇ ತಿಳಿದವರು ಕುದುರೆಯನ್ನೂ ನೆಲ ಹೆಪ್ಪುಗಟ್ಟಿದ ತಿಂಗಳುಗಳಲ್ಲೇ ಕಾಡಿಗೆ ಇಳಿಸುವುದು.

ಕೆಲಸದ ಬಗೆ ಹೇಳುತ್ತೇನೆ, ನನಗೆ ಇದರಲ್ಲಿ ಅತ್ಯಂತ ಪ್ರೀತಿಯ ಭಾಗ ಇದು. ಹಸಿ ಮೇಪಲ್‌ನ ಹನ್ನೆರಡು ಅಡಿ ಉದ್ದ, 40 ಸೆಂಟಿಮೀಟರ್ ಅಡ್ಡಗಲದ ದಿಮ್ಮಿ ಹೆಚ್ಚುಕಡಿಮೆ ನಾಲ್ಕು ಕ್ವಿಂಟಲ್ ತೂಗುತ್ತದೆ. ದಿನವಿಡೀ ದಣಿಯದೆ ಎಳೆಯಬೇಕಾದರೆ ಕುದುರೆ ಹಾಕಬಲ್ಲ ಬಲ ತನ್ನ ತೂಕದ ಹತ್ತನೇ ಒಂದು ಪಾಲಿನಷ್ಟು. ಕೆಲವು ಕ್ಷಣಗಳಿಗಾದರೆ ಅದರ ಹಲವು ಪಟ್ಟು. ಹೀಗಾಗಿ ಜಾಣತನವೆಲ್ಲ ಎಳೆತವನ್ನು ಹಗುರ ಮಾಡುವುದರಲ್ಲಿದೆ. ಮರ ಬೀಳಿಸುವಾಗಲೇ ಅದರ ಬುಡ ದಾರಿಯ ಕಡೆ ಬರುವಂತೆ ನೋಡಿಕೊಳ್ಳುತ್ತಾರೆ. ಎರಡು ಚಕ್ರದ ಕಮಾನು ಗಾಡಿ ಒಂದಿರುತ್ತದೆ, ಲಾಗಿಂಗ್ ಆರ್ಚ್ ಎನ್ನುತ್ತಾರೆ. ಸರಪಳಿ ಬಿಗಿದು ದಿಮ್ಮಿಯ ಮುಂತುದಿಯನ್ನು ಅದು ನೆಲದಿಂದ ಮೇಲಕ್ಕೆತ್ತಿ ಹಿಡಿಯುತ್ತದೆ, ನೆಲಕ್ಕೆ ತಾಗುವುದು ಬಾಲ ಮಾತ್ರ. ದಾರಿ ತಿರುಗುವಲ್ಲಿ ಬೆಲೆಯಿಲ್ಲದ ಒಂದು ಮರವನ್ನು ಬೇಕೆಂದೇ ಕಡಿಯದೆ ಬಿಡುತ್ತಾರೆ. ದಿಮ್ಮಿ ಹೊರಳಿ ಉಜ್ಜುವುದಾದರೆ ಅದನ್ನೇ ಉಜ್ಜಲಿ, ಒಳ್ಳೆಯ ಮರದ ತೊಗಟೆ ಉಳಿಯಲಿ ಎಂದು. ಕೆಲಸ ಮುಗಿದ ಮೇಲೆ ಕೊನೆಗೆ ಕಡಿಯುವುದು ಆ ಮರವನ್ನು.

ಕುದುರೆಗೆ ಕೂಗಿ ಹೇಳುವುದು ಬಲಕ್ಕೆ ‘ಜೀ’, ಎಡಕ್ಕೆ ‘ಹಾ’, ನಿಲ್ಲಲು ‘ವೋ’. ಮೂರರಲ್ಲಿ ಮುಖ್ಯವಾದದ್ದು ಕೊನೆಯದು. ಸರಪಳಿ ಬಿಗಿಯುವಷ್ಟು ಹೊತ್ತೂ ಅಲುಗದೆ ನಿಲ್ಲುವ ಕುದುರೆಗೇ ಕಾಡಿನಲ್ಲಿ ಬೆಲೆ. ಎಳೆಯುವ ಶಕ್ತಿ ಎಲ್ಲ ಕುದುರೆಗಳಲ್ಲೂ ಇರುತ್ತದೆ. ಏರಿನಲ್ಲಿ ನಡುನಡುವೆ ನಿಲ್ಲಿಸಿ ಉಸಿರು ತಿರುಗಲು ಬಿಡಬೇಕು. (ಎತ್ತು ಹೂಡಿ ದಿಮ್ಮಿ ಎಳೆಸುವವರೂ ಇಲ್ಲಿ ಇದ್ದಾರೆ. ಕೊರಳ ಮೇಲಿನ ಮರದ ನೊಗ ಕಂಡು ನಿಮಗೆ ಊರು ನೆನಪಾಗದೆ ಇರದು.)

ಇನ್ನು ಬಳಗದ ಮಾತು. ಸಕ್ರೆಬೈಲಿನ ಆನೆ ಬಿಡಾರ ನೋಡಿದ್ದರೆ ನಿಮಗೆ ಗೊತ್ತು, ಮಾವುತರ ವಿದ್ಯೆ ಮನೆಯಲ್ಲೇ ಹುಟ್ಟಿ ಬೆಳೆಯುವಂಥದ್ದು, ಕಾವಾಡಿಯಾಗಿ ಜೊತೆಗಿದ್ದು ಕಲಿಯುವಂಥದ್ದು. ಅಮೆರಿಕದಲ್ಲಿ ಆ ಎಳೆ ಕಡಿಯಿತು. 1920ರಲ್ಲಿ ಇಲ್ಲಿನ ಹೊಲಗಳಲ್ಲಿ ಸುಮಾರು 2.5 ಕೋಟಿ ಕುದುರೆ, ಹೇಸರಗತ್ತೆಗಳಿದ್ದವು. ಟ್ರ್ಯಾಕ್ಟರ್ ಬಂದ ಮೇಲೆ 1960ರ ಹೊತ್ತಿಗೆ ಮೂವತ್ತು ಲಕ್ಷದ ಆಸುಪಾಸಿಗೆ ಇಳಿದವು. ಒಂದು ತಲೆಮಾರಿಗೆ ಅಪ್ಪನಿಂದ ಕಲಿಯುವುದಕ್ಕೆ ಏನೂ ಉಳಿಯಲಿಲ್ಲ. ಎಳೆ ಕಡಿಯದೆ ಉಳಿದದ್ದು ಪೆನ್ಸಿಲ್ವೇನಿಯಾ, ಒಹಾಯೊ, ಇಂಡಿಯಾನಾದ ಆಮಿಷ್ ಜನರಲ್ಲಿ, ಅಂದರೆ ಟ್ರ್ಯಾಕ್ಟರ್ ಬಿಟ್ಟು ಕುದುರೆಯಲ್ಲೇ ಬೇಸಾಯ ಮಾಡುತ್ತ ಬಂದ ಕ್ರೈಸ್ತ ಪಂಗಡದವರಲ್ಲಿ. ಕುದುರೆಯ ಕೊರಳಪಟ್ಟಿ, ಹೂಡುವ ಸಜ್ಜು, ಗಾಡಿಗಳಿಗೆ ಇವತ್ತಿಗೂ ಬಹುಮಟ್ಟಿಗೆ ಅವರೇ ಗತಿ. ಉಳಿದವರಿಗೆ ಈ ವಿದ್ಯೆ ಅಪರಿಚಿತರಿಂದಲೇ ಸಿಗಬೇಕು. ಬಳಗ ಇರುವುದು ಅದಕ್ಕಾಗಿ: ಹೊಸಬರೊಬ್ಬರನ್ನು ಪಳಗಿದ ಕುದುರೆಯ ಪಕ್ಕದಲ್ಲಿ, ಪಳಗಿದ ಮನುಷ್ಯನ ಜೊತೆಯಲ್ಲಿ ನಿಲ್ಲಿಸುವುದು. ಹೊಸ ಕುದುರೆ ಕೊಂಡು ಹೊಸಬರೇ ಕಲಿಸಹೊರಟರೆ ಇಬ್ಬರಲ್ಲಿ ಒಬ್ಬರಿಗಾದರೂ ಪೆಟ್ಟು ಖಂಡಿತ. ಈ ಭಾಗದಲ್ಲಿ ಡ್ರಾಫ್ಟ್ ಅನಿಮಲ್‌-ಪವರ್ ನೆಟ್‌ವರ್ಕ್ ಎಂಬ ದೊಡ್ಡ ಬಳಗವೂ ಇದೇ ಅಗತ್ಯದಿಂದ ಬೆಳೆದದ್ದು.

ಒಂದು ವಿಷಯದಲ್ಲಿ ನಾವು ತುಂಬ ಕಟ್ಟುನಿಟ್ಟು, ಸೇರುವ ಮೊದಲೇ ನಿಮಗೆ ತಿಳಿದಿರಲಿ. ಬಳಗದ ಸ್ವಯಂಸೇವಕರು ಯಾರ ಜಮೀನಿನಲ್ಲೂ ಬಿಟ್ಟಿಯಾಗಿ ದಿಮ್ಮಿ ಎಳೆಯುವುದಿಲ್ಲ. ‘ನಿಮಗೆ ಅಭ್ಯಾಸವಾಗುತ್ತದೆ, ನನಗೆ ಕೆಲಸವಾಗುತ್ತದೆ’ ಎಂದು ಕರೆಯುವವರು ಆಗಾಗ ಫೋನ್ ಮಾಡುತ್ತಾರೆ. ಒಪ್ಪಿಕೊಂಡರೆ ಅದೇ ಕಣಿವೆಯಲ್ಲಿ ಈ ದುಡಿಮೆಯಿಂದಲೇ ಬದುಕುವ ಕುಟುಂಬದ ಕೂಲಿ ಬಿದ್ದುಹೋಗುತ್ತದೆ. ಒಂದು ದೊಡ್ಡ ಕುದುರೆ ದಿನಕ್ಕೆ ಹನ್ನೆರಡರಿಂದ ಹದಿನಾರು ಕಿಲೋ ಒಣಹುಲ್ಲು ತಿನ್ನುತ್ತದೆ, ನಲವತ್ತು ಲೀಟರಿಗೂ ಮೇಲೆ ನೀರು ಕುಡಿಯುತ್ತದೆ, ಕೆಲಸ ಇರಲಿ ಬಿಡಲಿ. ಲಾಳದ ಖರ್ಚು, ವೈದ್ಯರ ಖರ್ಚು ಬೇರೆ. ಆ ಖರ್ಚು ಹುಟ್ಟುವ ದರ ಸಿಗದಿದ್ದರೆ ಕಲಿಸುವವರೇ ಇಲ್ಲವಾಗುತ್ತಾರೆ. ನಮ್ಮ ಬಿಟ್ಟಿ ದುಡಿಮೆ ಏನಿದ್ದರೂ ಕಲಿಕೆಯ ದಿನಗಳಿಗೆ, ಸಜ್ಜು ಹೊಲಿಯುವುದಕ್ಕೆ, ಮುದಿ ಕುದುರೆಗಳಿಗೆ ಆಸರೆ ಹುಡುಕುವುದಕ್ಕೆ. 2023ರ ಜುಲೈ ಪ್ರವಾಹದಲ್ಲಿ ಹೊಳೆದಂಡೆಯ ಹುಲ್ಲುಗಾವಲುಗಳು ಹೂಳಿನಲ್ಲಿ ಮುಚ್ಚಿಹೋದಾಗ, ಹುಲ್ಲು ಯಾರ ಬಳಿ ಹೆಚ್ಚಿದೆ, ಯಾರಿಗೆ ಬೇಕು ಎಂದು ಹುಡುಕಿ ಸೇರಿಸಿದ್ದೂ ಇದೇ ಪಟ್ಟಿ ಹಿಡಿದು.

ಬಳಗ ನಡೆಸುವುದರಲ್ಲಿ ನನಗೆ ಖಾತ್ರಿಯಾಗಿರುವುದು ಕೆಲವೇ ಸಂಗತಿ. ‘ಯಾರಾದರೂ ಸಹಾಯ ಮಾಡುವಿರಾ’ ಎಂದು ಎಲ್ಲರನ್ನೂ ಕೇಳಿದರೆ ಯಾರೂ ಬರುವುದಿಲ್ಲ. ‘ಶನಿವಾರ ಬೆಳಿಗ್ಗೆ ನೀರಿನ ತೊಟ್ಟಿ ನಿಮ್ಮದು’ ಎಂದು ಒಬ್ಬರಿಗೆ ಹೇಳಿದರೆ ಬಂದೇ ಬರುತ್ತಾರೆ. ಹಿರಿಯರು ಮೆಸೇಜ್ ನೋಡುವುದಿಲ್ಲ, ಫೋನ್ ಮಾಡಬೇಕು, ಅದೂ ಸಂಜೆ ಕೊಟ್ಟಿಗೆ ಕೆಲಸ ಮುಗಿದ ಮೇಲೆ. ಮಾರ್ಚ್‌ನಲ್ಲಿ ಮೇಪಲ್ ರಸ, ಜೂನ್ ಜುಲೈನಲ್ಲಿ ಹುಲ್ಲು ಕೊಯ್ಲು. ಆಗ ಸಭೆ ಕರೆಯುವವರು ಈ ಊರಿನವರಲ್ಲ ಎಂದೇ ಅರ್ಥ. ಏಪ್ರಿಲ್‌ನಲ್ಲಿ ದಾರಿಯೆಲ್ಲ ಕೆಸರಾಗಿ ಯಾರೂ ಕಾಡಿಗೆ ಹೋಗಲಾರರು, ಮಾತಿಗೆ ಕೂರಲು ಅದೇ ಕಾಲ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಮೊದಲ ಚಳಿಗಾಲ ನಿಮ್ಮ ಕೈಗೆ ಲಗಾಮು ಸಿಗದೆ ಇರಬಹುದು, ಬೇಸರ ಬೇಡ. ಮೈ ಉಜ್ಜುವುದು, ಗೊರಸಿನೊಳಗೆ ಗಟ್ಟಿಯಾದ ಹಿಮ ಕೆತ್ತಿ ತೆಗೆಯುವುದು, ಕೊರಳಪಟ್ಟಿಯ ತಳಕ್ಕೂ ಗಂಟಲಿಗೂ ನಡುವೆ ಅಂಗೈ ಆಡುವಷ್ಟು ಜಾಗವಿದೆಯೇ ನೋಡುವುದು, ಕೊರೆಯುವ ಚಳಿಯಲ್ಲಿ ಕಡಿವಾಣದ ಕಬ್ಬಿಣವನ್ನು ಬಾಯಿಗಿಡುವ ಮೊದಲು ಕೈಯಲ್ಲಿ ಹಿಡಿದು ಬೆಚ್ಚಗಾಗಿಸುವುದು, ಇವೇ ನಿಮ್ಮ ಕೆಲಸ. ಕುದುರೆಗೆ ನೀವು ಯಾರೆಂದು ತಿಳಿಯುವುದು ಇವುಗಳಲ್ಲೇ. ಕಾಡಿನಲ್ಲಿ ಹೆಲ್ಮೆಟ್ ಕಡ್ಡಾಯ. ಲಗಾಮನ್ನು ಎಂದಿಗೂ ಕೈಗೆ ಸುತ್ತಿಕೊಳ್ಳಬಾರದು. ಕುದುರೆಗೂ ದಿಮ್ಮಿಗೂ ನಡುವೆ ನಿಲ್ಲಬಾರದು, ಇಳಿಜಾರಿನಲ್ಲಿ ಸದಾ ದಿಮ್ಮಿಯ ಮೇಲ್ಬದಿಗೇ ಇರಬೇಕು. ಗರಗಸದ ಯಂತ್ರವನ್ನು ತರಬೇತಿ ಇಲ್ಲದೆ ಮುಟ್ಟುವಂತಿಲ್ಲ. ಇಲ್ಲಿ ಗೇಮ್ ಆಫ್ ಲಾಗಿಂಗ್ ಎಂಬ ತರಬೇತಿ ನಡೆಯುತ್ತದೆ, ಮನಸ್ಸಿದ್ದರೆ ಅದನ್ನು ಮಾಡಿ.

ಆಗಸ್ಟ್‌ನಲ್ಲಿ ಇಲ್ಲಿಗೆ ಓದಲು ಬಂದಿಳಿಯುತ್ತೇನೆ ಎಂದಿದ್ದೀರಿ. ಮೊದಲು ಕಾಲೇಜಿಗೆ ಹೊಂದಿಕೊಳ್ಳಿ. ನವೆಂಬರ್‌ನಲ್ಲಿ ಸಜ್ಜುಗಳಿಗೆ ಎಣ್ಣೆ ಹಚ್ಚಿ ಚಳಿಗಾಲಕ್ಕೆ ಸಿದ್ಧ ಮಾಡುವ ದಿನ ಇರುತ್ತದೆ, ಹೊಸಬರು ಬರಲು ಅದು ಒಳ್ಳೆಯ ದಿನ. ಉಣ್ಣೆಯ ಕಾಲುಚೀಲ, ತೊಗಲಿನ ಕೈಗವಸು, ಹಿಮಕ್ಕೆ ಜಾರದ ಗಟ್ಟಿ ಬೂಟು ತನ್ನಿ. ಕಾರು ಇಲ್ಲದಿದ್ದರೆ ಯಾವ ಊರಿನಲ್ಲಿರುತ್ತೀರಿ ಎಂದು ಮುಂಚೆಯೇ ತಿಳಿಸಿ, ಆ ದಾರಿಯಲ್ಲಿ ಬರುವವರೊಬ್ಬರು ಹತ್ತಿಸಿಕೊಂಡು ಬರುತ್ತಾರೆ.