ಸಂಪಾದಕರ ಉತ್ತರ: ಇಂಗ್ಲೆಂಡಿನಲ್ಲಿ ಕುಷ್ಠ ಪತ್ತೆಯಾಗಲು ತಡವೇಕೆ?

ಕೊಪ್ಪಳ ಜಿಲ್ಲೆಯ ಓದುಗರೊಬ್ಬರು ತಮ್ಮ ಹೆಸರು ಬೇಡವೆಂದು ಬರೆದ ಪತ್ರಕ್ಕೆ ಈ ಉತ್ತರ. ಅವರ ತಂಗಿ ಮದುವೆಯಾಗಿ ಇಂಗ್ಲೆಂಡಿಗೆ ಹೋಗಿ ಒಂಬತ್ತು ವರ್ಷವಾಯಿತು. ಮುಂಗೈ ಮೇಲೆ ಎದ್ದ ಮಾಸಲು ಮಚ್ಚೆಗೆ ಅಲ್ಲಿನ ವೈದ್ಯರು ಮೊದಲು ಹುಳುಕಡ್ಡಿಯ ಮುಲಾಮು ಕೊಟ್ಟರು, ಆಮೇಲೆ ಸ್ಟೀರಾಯ್ಡ್ ಮುಲಾಮು. ಕಿರುಬೆರಳು ಜೋಮು ಹಿಡಿದಾಗ ಕತ್ತಿನ ಮೂಳೆ ಸವೆದಿದೆ ಎಂದರು. ಎರಡು ವರ್ಷ ಕಳೆದ ಮೇಲೆ ಚರ್ಮದ ಚೂರು ತೆಗೆದು ನೋಡಿದಾಗ ಕುಷ್ಠವೆಂದು ಗೊತ್ತಾಯಿತು. "ನಮ್ಮೂರ ಆಶಾ ಕಾರ್ಯಕರ್ತೆಗೆ ಗೊತ್ತಿರೋದು ಅಷ್ಟು ದೊಡ್ಡ ದೇಶದ ಡಾಕ್ಟರಿಗೆ ಗೊತ್ತಿಲ್ಲವಾ?" ಎಂದು ಕೇಳಿದ್ದಾರೆ. ಅಜ್ಜನಿಗೂ ಈ ಕಾಯಿಲೆ ಇತ್ತು, ಅದನ್ನು ಅಲ್ಲಿ ಹೇಳಬೇಡ ಎಂದು ತಂಗಿಗೆ ತಾಕೀತು ಮಾಡಿರುವುದಾಗಿಯೂ ಬರೆದಿದ್ದಾರೆ.

ನಿಮ್ಮ ಸಿಟ್ಟಿನಲ್ಲಿ ನ್ಯಾಯವಿದೆ. ಆದರೆ ಲೆಕ್ಕವನ್ನೂ ನೋಡಿ. ಭಾರತದಲ್ಲಿ ವರ್ಷಕ್ಕೆ ಲಕ್ಷದ ಆಸುಪಾಸು ಹೊಸ ಕುಷ್ಠರೋಗಿಗಳು ಪತ್ತೆಯಾಗುತ್ತಾರೆ, ಜಗತ್ತಿನ ಅರ್ಧಕ್ಕಿಂತ ಹೆಚ್ಚು. ಬ್ರಿಟನ್ನಿನಲ್ಲಿ ಹನ್ನೆರಡರ ಆಸುಪಾಸು, ಅವರೂ ಬೇರೆ ದೇಶದಲ್ಲಿ ಸೋಂಕು ತಗಲಿಸಿಕೊಂಡು ಬಂದವರು. ಅಲ್ಲಿನ ಕುಟುಂಬ ವೈದ್ಯರೊಬ್ಬರು ಇಡೀ ವೃತ್ತಿಜೀವನದಲ್ಲಿ ಒಬ್ಬ ಕುಷ್ಠರೋಗಿಯನ್ನೂ ಕಾಣದೆ ನಿವೃತ್ತರಾಗಬಹುದು. 2001ರಲ್ಲಿ ಲಂಡನ್ನಿನ ತಜ್ಞರು 50 ರೋಗಿಗಳ ಕಡತ ತೆಗೆದು ನೋಡಿದಾಗ ಶೇ 80ಕ್ಕೂ ಹೆಚ್ಚು ಮಂದಿಯಲ್ಲಿ ರೋಗ ಪತ್ತೆ ತಡವಾಗಿತ್ತು. ಅವರನ್ನು ನೋಡಿದವರಲ್ಲಿ ಚರ್ಮತಜ್ಞರೂ ಇದ್ದರು, ನರತಜ್ಞರೂ ಇದ್ದರು, ಮೂಳೆ ವೈದ್ಯರೂ ಇದ್ದರು. ಒಬ್ಬರು ಮಚ್ಚೆ ನೋಡುತ್ತಾರೆ, ಇನ್ನೊಬ್ಬರು ಬೆರಳು ನೋಡುತ್ತಾರೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡುವವರು ಸಿಗುವ ಹೊತ್ತಿಗೆ ನರ ಸೊರಗಿರುತ್ತದೆ.

ಇನ್ನೂ ಒಂದು ಗೊಂದಲವಿದೆ. ದೇಶ ಬಿಟ್ಟು ಎಷ್ಟೋ ವರ್ಷವಾದ ಮೇಲೆ ಇಲ್ಲಿಂದ ಒಯ್ದ ಸೋಂಕು ಹೊರಬೀಳುತ್ತದೆ ಎಂದು ಯಾರಿಗೆ ತಟ್ಟನೆ ಹೊಳೆಯಬೇಕು? ಈ ಬ್ಯಾಕ್ಟೀರಿಯಾ ಬಹಳ ನಿಧಾನಿ. ಸೋಂಕು ತಗಲಿ ಲಕ್ಷಣ ಕಾಣಿಸಲು ಸರಾಸರಿ ಐದು ವರ್ಷ, ಕೆಲವೊಮ್ಮೆ ಇಪ್ಪತ್ತು ವರ್ಷವೂ ಬೇಕು.

ಹಾಗೆಂದು ಪತ್ತೆ ಮಾಡುವುದು ಕಷ್ಟವಲ್ಲ, ನನಗೆ ಬೇಸರವಾಗುವುದು ಅದಕ್ಕೇ. ರೋಗಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಹತ್ತಿಯ ಎಳೆಯ ತುದಿಯಿಂದ ಮೊದಲು ಆರೋಗ್ಯವಾದ ಚರ್ಮವನ್ನು ಮುಟ್ಟುತ್ತಾರೆ. ಮುಟ್ಟಿದ ಕಡೆ ಬೆರಳಿಟ್ಟು ತೋರಿಸಬೇಕು. ಆಮೇಲೆ ಮಚ್ಚೆಯ ನಡುವೆ ಮುಟ್ಟುತ್ತಾರೆ. ಕುಷ್ಠವಾಗಿದ್ದರೆ ಕೈ ಏಳುವುದಿಲ್ಲ, ಮುಟ್ಟಿದ್ದೇ ತಿಳಿದಿರುವುದಿಲ್ಲ. ಹುಳುಕಡ್ಡಿಯಲ್ಲಿ, ತೊನ್ನಿನಲ್ಲಿ ಹೀಗೆ ಸ್ಪರ್ಶ ಹೋಗುವುದಿಲ್ಲ. ಮೊಣಕೈಯ ಒಳಮಗ್ಗುಲಿನ ಮೂಳೆಯ ಹಿಂದೆ ಹಾದುಹೋಗುವ ನರವನ್ನು ಬೆರಳಲ್ಲಿ ಹೊರಳಿಸಿ ನೋಡಿದರೆ ದಪ್ಪಗೆ ಹಗ್ಗದಂತೆ ಸಿಗಬಹುದು. ಕಿರುಬೆರಳು ಜೋಮು ಹಿಡಿಯುವುದು ಆ ನರ ಕೆಟ್ಟಾಗ. ಇಷ್ಟಾದ ಮೇಲೆ ಖಚಿತಪಡಿಸಿಕೊಳ್ಳಲು ಕಿವಿಯ ಹಾಲೆಯಿಂದ ಕೆರೆದು ತೆಗೆದ ದ್ರವದ ಪರೀಕ್ಷೆ, ಚರ್ಮದ ಚೂರು ತೆಗೆದು ನೋಡುವ ಬಯಾಪ್ಸಿ ಇವೆ. ಬಯಾಪ್ಸಿಯಲ್ಲೂ ವೈದ್ಯರು ಅನುಮಾನವನ್ನು ಬರೆದು ಕಳಿಸದಿದ್ದರೆ ಪ್ರಯೋಗಾಲಯದವರು ಬೇರೆ ರೋಗವೆಂದು ಓದಿಬಿಡುವ ಅಪಾಯವಿದೆ. ಆ ಅನುಮಾನ ಹುಟ್ಟುವುದೇ "ನೀವು ಎಲ್ಲಿ ಹುಟ್ಟಿ ಬೆಳೆದಿರಿ, ಮನೆಯಲ್ಲಿ ಯಾರಿಗಾದರೂ ಇತ್ತೇ?" ಎಂಬ ಪ್ರಶ್ನೆಯಿಂದ.

ಅದಕ್ಕೇ ಅಜ್ಜನ ವಿಷಯ ಮುಚ್ಚಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಅಜ್ಜನಿಂದಲೇ ಬಂತು ಎಂದು ಯಾರೂ ಹೇಳಲಾರರು, ಅದು ವಂಶಪಾರಂಪರ್ಯದ ರೋಗವೂ ಅಲ್ಲ, ಅಜ್ಜ ಮಾಡಿದ ತಪ್ಪೂ ಇಲ್ಲ. ನೆಂಟರಿಗೆ, ಬೀಗರಿಗೆ ಹೇಳುವುದು ಬಿಡುವುದು ನಿಮ್ಮಿಷ್ಟ. ವೈದ್ಯರಿಗೆ ಹೇಳಲೇಬೇಕು. ಒಂದೇ ಮನೆಯಲ್ಲಿ ಬೆಳೆದ ನೀವೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಮ್ಮೆ ಮೈ ತೋರಿಸಿಕೊಳ್ಳಿ.

ತಂಗಿಯ ಮಗುವನ್ನು ದೂರ ಇಡಬೇಕೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ಮಾತ್ರೆ ಶುರುವಾದ ಕೆಲವೇ ದಿನಗಳಲ್ಲಿ ರೋಗ ಹರಡುವುದು ನಿಲ್ಲುತ್ತದೆ. ಬಹುತೇಕ ಜನರಿಗೆ ಹುಟ್ಟಿನಿಂದಲೇ ಇದನ್ನು ತಡೆಯುವ ಶಕ್ತಿಯೂ ಇರುತ್ತದೆ. ಮಗುವನ್ನು ಒಮ್ಮೆ ಪರೀಕ್ಷೆ ಮಾಡಿಸಲಿ. ರೋಗದ ಬಗೆ ನೋಡಿಕೊಂಡು ಆರು ಇಲ್ಲವೇ ಹನ್ನೆರಡು ತಿಂಗಳ ಮಾತ್ರೆಯಲ್ಲಿ ಸೋಂಕು ವಾಸಿಯಾಗುತ್ತದೆ. ರಿಫಾಂಪಿಸಿನ್‌ನಿಂದ ಮೂತ್ರ ಕೆಂಪಾಗುತ್ತದೆ, ಕ್ಲೋಫಾಜಿಮಿನ್‌ನಿಂದ ಚರ್ಮ ಕಪ್ಪಾಗುತ್ತದೆ, ಗಾಬರಿಯಾಗುವುದು ಬೇಡ.

ಗಾಬರಿಯಾಗಬೇಕಾದದ್ದು ಬೇರೆ. ಚಿಕಿತ್ಸೆಯ ನಡುವೆ, ಕೆಲವೊಮ್ಮೆ ಮುಗಿದ ಮೇಲೂ, ಮಚ್ಚೆ ಇದ್ದಕ್ಕಿದ್ದಂತೆ ಕೆಂಪೇರಿ ಊದಬಹುದು, ನರ ನೋಯಬಹುದು, ಕೈಯ ಬಲ ಕುಗ್ಗಬಹುದು. ಬ್ಯಾಕ್ಟೀರಿಯಾ ವಿರುದ್ಧ ದೇಹವೇ ಕೆರಳುವ ಬಗೆ ಅದು. ಕುಷ್ಠದ ರೂಢಿ ಇಲ್ಲದ ಆಸ್ಪತ್ರೆಯಲ್ಲಿ ಇದನ್ನು ಔಷಧದ ಅಲರ್ಜಿ ಎಂದುಕೊಂಡು ಮಾತ್ರೆಯನ್ನೇ ನಿಲ್ಲಿಸಿಬಿಡಬಹುದು. ಇಂಥ ಲಕ್ಷಣ ಕಂಡರೆ ಅದೇ ದಿನ ಕುಷ್ಠ ತಜ್ಞರನ್ನು ಸಂಪರ್ಕಿಸಲಿ. ಲಂಡನ್ನಿನ ಉಷ್ಣವಲಯ ರೋಗಗಳ ಆಸ್ಪತ್ರೆಯಲ್ಲಿ ಇದಕ್ಕೆಂದೇ ಅನುಭವಿ ವೈದ್ಯರಿದ್ದಾರೆ. ನರ ಸೊರಗಿ ಆರು ತಿಂಗಳೊಳಗಿದ್ದರೆ ಸ್ಟೀರಾಯ್ಡ್ ಮಾತ್ರೆಯಿಂದ ಶಕ್ತಿ ಮರಳುವ ಸಾಧ್ಯತೆ ಚೆನ್ನಾಗಿರುತ್ತದೆ. ಆದ್ದರಿಂದ ಇಂದೇ ತಂಗಿಗೆ ಫೋನ್ ಮಾಡಿ. ಬೆರಳು ಜೋಮು ಹಿಡಿದದ್ದು ಯಾವ ತಿಂಗಳು, ಗುಂಡಿ ಹಾಕಿಕೊಳ್ಳಲು ಕಷ್ಟವಾದದ್ದು ಯಾವಾಗ ಎಂದು ನೆನಪಿಸಿಕೊಂಡು ಬರೆದಿಡಲು ಹೇಳಿ. ಮುಂದಿನ ಸಲ ವೈದ್ಯರನ್ನು ಕಾಣುವಾಗ ಆ ಚೀಟಿಯನ್ನೂ ಅಜ್ಜನ ವಿಷಯವನ್ನೂ ಅವರ ಮುಂದಿಡಲಿ.