ಅರ್ಧಕ್ಕಿಂತ ಕಡಿಮೆ ಬೆಲೆಗೆ ಹೋದ ಹಲಗೆ

ಆಪ್ತಸಲಹೆಗೆ ನನ್ನ ಹತ್ತಿರ ಬಂದವರೊಬ್ಬರ ಪ್ರಕರಣ ಇದು. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಸುಮತಿ ಎಂದಿಟ್ಟುಕೊಳ್ಳೋಣ. ನಲವತ್ತು ದಾಟಿದವರು. ಕುಂದಾಪುರದ ಕಡೆಯಿಂದ ಮದುವೆಯಾಗಿ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದವರು. ಮನೆಯಲ್ಲಿ ಮಕ್ಕಳಿಗೆ ಚಿತ್ರ ಹೇಳಿಕೊಡುತ್ತಾರೆ. ಅವರ ಸ್ವಂತ ಕೆಲಸ ಕಾವಿ ಕಲೆ. ಕರಾವಳಿಯ, ಗೋವಾದ ಹಳೇ ದೇವಸ್ಥಾನಗಳ ಗೋಡೆಯಲ್ಲಿ ಕಾಣುತ್ತದಲ್ಲ, ಅದು. ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಹಚ್ಚಿ, ಚೂಪು ಮೊನೆಯಿಂದ ಗೀರಿದರೆ ಕೆಳಗಿನ ಬಿಳುಪು ಚಿತ್ರವಾಗಿ ಏಳುತ್ತದೆ. ಸುಮತಿ ಅದನ್ನು ಪ್ಲೈವುಡ್ ಹಲಗೆಯ ಮೇಲೆ ಮಾಡುತ್ತಾರೆ.

ದಕ್ಷಿಣ ಮುಂಬೈಯ ಒಂದು ಬಯಲು ಕಲಾ ಉತ್ಸವದಲ್ಲಿ ಅವರು ಸ್ಟಾಲ್ ಹಿಡಿದಿದ್ದರು. ಅದು ಮುಗಿದ ಮೇಲೆ ನಿದ್ದೆ ಹೋಯಿತು, ಊಟ ಸೇರಲಿಲ್ಲ. ಬಣ್ಣದ ಡಬ್ಬಿ ತೆರೆಯಲೇ ಇಲ್ಲ. "ಮೇಡಂ, ನನ್ನ ಕೆಲಸಕ್ಕೆ ಬೆಲೆ ಇಲ್ಲ ಅಂತ ಊರಿಗೆಲ್ಲ ಗೊತ್ತಾಯ್ತು," ಅಂದರು.

ಏನಾಯಿತು ಅಂತ ಒಂದೊಂದಾಗಿ ಹೇಳಿಸಿದೆ. ನೋಡಿದವರೆಲ್ಲ "ಇದು ವಾರ್ಲಿಯಾ?" ಅಂತ, ಮಹಾರಾಷ್ಟ್ರದ ಆದಿವಾಸಿ ಚಿತ್ರಕಲೆಯ ಹೆಸರು ಹೇಳಿ ಕೇಳುತ್ತಿದ್ದರು. ಹಲಗೆಯ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡು ಹೋಗುತ್ತಿದ್ದರು. ಮಾರಾಟವಾದದ್ದು ಸಣ್ಣ ಮ್ಯಾಗ್ನೆಟ್, ಬುಕ್‌ಮಾರ್ಕ್. ಸ್ಟಾಲ್ ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಟಾಯ್ಲೆಟ್ ದೂರ ಅಂತ ಬೆಳಗ್ಗೆಯಿಂದ ಸಂಜೆವರೆಗೆ ನೀರೇ ಕುಡಿಯುತ್ತಿರಲಿಲ್ಲ. ನಾನಾಗಿ ಕೇಳದಿದ್ದರೆ ಇದನ್ನು ಹೇಳುತ್ತಲೂ ಇರಲಿಲ್ಲವೇನೋ. ಬಾಯಾರಿ, ಹಸಿದು, ಬಿಸಿಲಲ್ಲಿ ನಿಂತವರಿಗೆ "ದೋ ಹಜಾರ್ ಮೇ ದೇ ದೋ" (ಎರಡು ಸಾವಿರಕ್ಕೆ ಕೊಡಿ) ಅನ್ನುವ ಮಾತು ಹತ್ತು ಪಟ್ಟು ಜೋರಾಗಿ ತಾಗುತ್ತದೆ. ಮನಸ್ಸಿನ ನೋವು ಅಂತ ಬರುವವರ ಹತ್ತಿರ ನಾನು ಮೊದಲು ಮೈಯ ವಿಷಯ ಕೇಳುವುದು ಇದಕ್ಕೇ.

ಕೊನೆಯ ಸಂಜೆ 18,000 ರೂಪಾಯಿಯ ದೊಡ್ಡ ಹಲಗೆಯನ್ನು 7,000ಕ್ಕೆ ಕೊಟ್ಟುಬಿಟ್ಟರು. ಗಿರಾಕಿ ಹೆಚ್ಚು ಚೌಕಾಸಿಯನ್ನೂ ಮಾಡಿರಲಿಲ್ಲ. ಹಾಗಾದರೆ ಯಾಕೆ ಅಷ್ಟು ಇಳಿದಿರಿ ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. "ಸಾಮಾನು ಹೊರಲು ಇವರು ಬರುವವರಿದ್ದರು. ಅದು ಅಲ್ಲೇ ನಿಂತದ್ದು ಇವರ ಕಣ್ಣಿಗೆ ಬೀಳಬಾರದು ಅಂತ."

ಸ್ಟಾಲ್ ಬಾಡಿಗೆಗೆ ಸುಮತಿ ತನ್ನ ಸರ ಅಡವಿಟ್ಟಿದ್ದರು. ಗಂಡನಿಗೆ ಹೇಳಿರಲಿಲ್ಲ. ಅಲ್ಲಿಗೆ ವಿಷಯ ನನಗೆ ಬೇರೆಯಾಗಿ ಕಂಡಿತು. ಹಲಗೆ ಕಡಿಮೆ ಬೆಲೆಗೆ ಹೋದದ್ದು ಕಲೆ ಕೆಟ್ಟದ್ದಾಗಿದ್ದಕ್ಕಲ್ಲ, ಮನೆಯಲ್ಲಿ ಮುಚ್ಚಿಟ್ಟ ಸಾಲದ ಹೆದರಿಕೆಗೆ. ಇದನ್ನು ಅವರಿಗೆ ನೇರವಾಗಿಯೇ ಹೇಳಿದೆ.

ಜನರ ಮಾತನ್ನೂ ಮತ್ತೊಮ್ಮೆ ನೋಡಿದೆವು. ಒಬ್ಬರು ಹಲಗೆ ಎತ್ತಿ ನೋಡಿ, "ಇದನ್ನು ಲೋಕಲ್‌ನಲ್ಲಿ ಬೊರಿವಲಿಗೆ ಒಯ್ಯೋದು ಹೇಗೆ?" ಅಂದಿದ್ದರು. ಸುಮತಿಗೆ ಅದು "ಬೇಡ" ಅಂತ ಕೇಳಿಸಿತ್ತು. ಆದರೆ ಗಾರೆ ಮೆತ್ತಿದ ಹಲಗೆ ಭಾರ. ಸಂಜೆ ಆರರ ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಅದನ್ನು ಹಿಡಿದು ನಿಲ್ಲಲು ಯಾರಿಂದಲೂ ಆಗದು, ಅಲ್ವಾ? ಆ ಮನುಷ್ಯನಿಗೆ ಬೇಕಾಗಿದ್ದದ್ದು "ಮನೆಗೆ ಕಳಿಸಿಕೊಡ್ತೀನಿ" ಅನ್ನುವ ಒಂದು ಮಾತು. ಬಯಲು ಉತ್ಸವಕ್ಕೆ ಜಾಸ್ತಿ ಜನ ಬರುವುದು ತಿರುಗಾಡಲು. ಅವರು ಕೈಚೀಲಕ್ಕೆ ಹಿಡಿಯುವುದನ್ನೇ ಕೊಳ್ಳುತ್ತಾರೆ.

ಸುಮತಿಯ ಮಾವ ಆಗಾಗ ಚಿತ್ರಕಲಾವಿದ ಕೆ. ಕೆ. ಹೆಬ್ಬಾರರ ಹೆಸರು ಎತ್ತುತ್ತಿದ್ದರಂತೆ. ಉಡುಪಿ ಹತ್ತಿರದ ಕಟ್ಟಿಂಗೇರಿಯಿಂದ ಮುಂಬೈಗೆ ಬಂದು ದೊಡ್ಡ ಹೆಸರು ಮಾಡಿದವರು ಅಂತ. ಆ ಹೆಬ್ಬಾರರೂ ಮುಂಬೈಯ ಜೆ. ಜೆ. ಕಲಾಶಾಲೆಯಲ್ಲಿ ಕೆಲವು ವರ್ಷ ಪಾಠ ಮಾಡಿದವರೇ ಅಂತ ನಾನು ನೆನಪಿಸಿದೆ. ಯಾಕೆಂದರೆ ಮಕ್ಕಳ ಕ್ಲಾಸಿನ ದುಡ್ಡನ್ನು ಸುಮತಿ ಕಲೆಯ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ.

ಒಂದು ಕೆಲಸ ಕೊಟ್ಟೆ. ದಕ್ಷಿಣ ಮುಂಬೈಯ ಕಾಲಾ ಘೋಡಾದಲ್ಲಿ ಜಹಾಂಗೀರ್ ಕಲಾ ಗ್ಯಾಲರಿಯ ಹೊರಗೆ ಫುಟ್‌ಪಾತಿನಲ್ಲಿ ಚಿತ್ರ ಮಾರುವವರನ್ನು ಅರ್ಧ ದಿನ ಸುಮ್ನೆ ನೋಡಿ ಬನ್ನಿ ಅಂದೆ. ಬಂದು ಹೇಳಿದರು: ಅಲ್ಲೊಬ್ಬರು ಬೆಲೆ ಒಂದು ಸಲ ಹೇಳಿ, ತಮ್ಮ ಪಾಡಿಗೆ ಪೆನ್ಸಿಲ್ ಆಡಿಸುತ್ತಾ ಕೂರುತ್ತಾರಂತೆ. ಗಿರಾಕಿ ಹೋದರೂ ತಲೆ ಎತ್ತುವುದಿಲ್ಲವಂತೆ. ಇದು ಸುಮತಿಗೆ ತುಂಬಾ ಹಿಡಿಸಿತು.

ಹಾಗಾಗಿ ಹೇಳಿದ್ದು ಇಷ್ಟು. ಇಳಿಯಬಹುದಾದ ಕೊನೆಯ ಬೆಲೆಯನ್ನು ಮನೆಯಲ್ಲೇ, ತಲೆ ತಣ್ಣಗಿರುವಾಗ, ಹಲಗೆಯ ಹಿಂದೆ ಬರೆಯಿರಿ. ಸಂಜೆಯ ಸುಸ್ತಿನಲ್ಲಿ ಅದನ್ನು ಬದಲಿಸಬೇಡಿ. ಜೊತೆಗೆ ಒಬ್ಬರು ಇರಲೇಬೇಕು. ವಾರ್ಲಿಯಾ ಅಂತ ಕೇಳುವವರಿಗೆ ಕಾವಿಯ ಬಗ್ಗೆ ನಾಲ್ಕು ಸಾಲು ಬರೆದು ತೂಗುಹಾಕಿ. ಎಲ್ಲಕ್ಕಿಂತ ಮೊದಲು, ಸರದ ವಿಷಯ ಗಂಡನಿಗೆ ಹೇಳಿ.

ಹೇಳಿದ್ದು ನನ್ನ ಎದುರಿನಲ್ಲೇ. ಗಂಡನಿಗೆ ಸಿಟ್ಟು ಬಂತು, ಬರಬೇಕಾದದ್ದೇ. ಆಮೇಲೆ, "ಚಿತ್ರ ಬೇಡ ಅಂತ ನಾನ್ಯಾವತ್ತು ಅಂದೆ? ಸಾಲ ಅಂದ್ರೆ ನಂಗೆ ಹೆದರಿಕೆ," ಅಂದರು. ಅವರ ಅಪ್ಪನ ಸಾಲದ ಕಥೆಯೂ ಹೊರಗೆ ಬಂತು. ಅದಕ್ಕೆ ಬೇರೆ ಸಮಯ ಕೊಟ್ಟಿದ್ದೇನೆ.

ನಿದ್ದೆ, ಊಟ ಎರಡು ವಾರ ದಾಟಿ ಕೆಟ್ಟೇ ಇದ್ದರೆ, ಬದುಕು ಬೇಡ ಅನಿಸಿದರೆ, ಡಾಕ್ಟರರನ್ನು ಕಾಣಲೇಬೇಕು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಸುಮತಿಗೆ ಅಷ್ಟು ಬೇಕಾಗಲಿಲ್ಲ. ನಿದ್ದೆ ಸರಿಯಾಗಿದೆ, ಸಣ್ಣ ಹಲಗೆಗಳು ಶುರುವಾಗಿವೆ. ಮುಂದಿನ ಸಲ ಸ್ಟಾಲ್ ಹಿಡಿಯುವುದೋ ಬೇಡವೋ ಇನ್ನೂ ತೀರ್ಮಾನವಾಗಿಲ್ಲ. ಅರ್ಜಿ ಹಾಕುವ ಮೊದಲು ಇಬ್ಬರೂ ಕೂತು ಖರ್ಚು ಬರೆಯಬೇಕು ಅನ್ನುವುದನ್ನು ಮಾತ್ರ ಒಪ್ಪಿದ್ದಾರೆ.